ಕೆಳಗಿನ ಹೊಲದಲ್ಲಿ ನನ್ನ ಮಣ್ಣು

ಮಾಸ್ತರಿಕೆಯಲ್ಲಿ ಒಂದು ದೊಡ್ಡ ಸುಖವಿದೆ. ನಾವು ಹೇಳಿಕೊಟ್ಟದ್ದನ್ನು ನಾವೇ ಮಾಡಿ ತೋರಿಸಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಬ್ಯಾಡಗಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನಾನು, ಸಮತೋಲನ ಆಹಾರದ ಪಾಠ ಮುಗಿಸಿದ ಸಂಜೆಯೇ ಎರಡು ಪ್ಲೇಟು ಮಿರ್ಚಿ ಬಜ್ಜಿ ತಿಂದವನು. ವ್ಯಾಯಾಮದ ಮಹತ್ವವನ್ನು ಕುರ್ಚಿ ಬಿಟ್ಟೇಳದೆ ವಿವರಿಸಿದವನು. ಇಂಥವನ್ನೆಲ್ಲ ನಕ್ಕು ಬಿಟ್ಟುಬಿಡಬಹುದು. ಆದರೆ ಮಣ್ಣಿನ ಸವಕಳಿ ಎಂಬ ಪಾಠದ ವಿಷಯದಲ್ಲಿ ನಾನು ಮಾಡಿಕೊಂಡದ್ದು ಹಾಗೆ ಬಿಡುವಂಥದ್ದಲ್ಲ. ಅದರಲ್ಲಿ ಇನ್ನೊಬ್ಬರ ಬಾವಿ ಸೇರಿಕೊಂಡಿದೆ.

ಮೋಟೆಬೆನ್ನೂರಿನ ಹತ್ತಿರ ನಮ್ಮದೊಂದು ಮೂರೂವರೆ ಎಕರೆ ಹೊಲವಿದೆ. ಬಹಳ ವರ್ಷ ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೆವು. ಉಳುತ್ತಿದ್ದ ಹಿರಿಯರಿಗೆ ಮೊಣಕಾಲು ನೋವು ಹೆಚ್ಚಾಗಿ ಅವರು ಹೊಲ ಬಿಟ್ಟುಕೊಟ್ಟಾಗ, ಬೇರೆ ಯಾರನ್ನಾದರೂ ನೋಡೋಣವೆಂದು ನನ್ನ ಹೆಂಡತಿ ಶಾಂತಾ ಹೇಳಿದಳು. ವಿಜ್ಞಾನ ಓದಿದವನ ಕೈಯಲ್ಲಿ ಹೊಲ ಹೇಗಿರುತ್ತದೆಂದು ಊರು ನೋಡಲಿ ಎಂದು ನಾನು ಹಟ ಹಿಡಿದೆ. ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ನನ್ನ ಅಪ್ಪ ಹಾಕಿಸಿದ್ದ ನಾಲ್ಕು ಬದುಗಳಿದ್ದವು. ಅವು ನನ್ನ ಕಣ್ಣಿಗೆ ಸುಮ್ಮನೆ ಜಾಗ ತಿನ್ನುವ ದಿಬ್ಬಗಳಾಗಿ ಕಂಡವು. ಕಿತ್ತು ಸಮ ಮಾಡಿಸಿದರೆ ಗೋವಿನಜೋಳದ ಹತ್ತೆಂಟು ಸಾಲು ಹೆಚ್ಚು ಕೂರುತ್ತವೆಂದು ಕಾಗದದ ಮೇಲೆ ಲೆಕ್ಕ ಹಾಕಿ ಕಿತ್ತುಹಾಕಿಸಿದೆ. ಟ್ರ್ಯಾಕ್ಟರಿನವನಿಗೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಹೊಡೆ ಎಂದೆ. ರಸ್ತೆಯಿಂದ ನೋಡಿದವರಿಗೆ ಸಾಲುಗಳು ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ಕಾಣಬೇಕಲ್ಲ. ಅವನು ನನ್ನ ಮುಖವನ್ನೊಮ್ಮೆ ನೋಡಿದ, ಆಮೇಲೆ ಹೊಲವನ್ನೊಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದವನು, ನಾನು ಮಾಸ್ತರನೆಂದು ನೆನಪಾಗಿ ಸುಮ್ಮನಾದನೆಂದು ಕಾಣುತ್ತದೆ.

ಪೈರು ಮೊಣಕಾಲೆತ್ತರ ಬಂದಾಗ ಯೂರಿಯಾ ಹಾಕಿಸಿದೆ. ಒಂದು ಚೀಲ ಹೆಚ್ಚಾಗಿಯೇ ಹಾಕಿಸಿದೆ. ಮರುದಿನ ಮಧ್ಯಾಹ್ನ ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಭಾರೀ ಮಳೆ ಸುರಿಯಿತು. ಒಳ್ಳೆಯ ಮಳೆಯಾಯಿತೆಂದು ಹುಡುಗರ ಎದುರಿಗೆ ಸಂತೋಷವನ್ನೂ ಪಟ್ಟೆ.

ನಮ್ಮ ಹೊಲದ ಕೆಳಗಿನದು ಖಾದರಸಾಬರ ಹೊಲ. ನಮ್ಮದು ಕೆಂಪು ಮಣ್ಣು, ಅವರದು ಕಪ್ಪು ಎರೆ. ಅರವತ್ತು ದಾಟಿದ ಅವರು ಅಲ್ಲಿಯೇ ಬಾವಿಯ ಪಕ್ಕ ಮನೆ ಕಟ್ಟಿಕೊಂಡು, ಹೆಂಡತಿ, ಮಗ, ಸೊಸೆಯೊಂದಿಗೆ ಮೆಣಸಿನಕಾಯಿ ಬೆಳೆಯುತ್ತಾರೆ. ಮಳೆಯಾದ ಮರುದಿನ ಬೆಳಿಗ್ಗೆ ಅವರು ಬ್ಯಾಡಗಿಯ ನಮ್ಮ ಮನೆಗೆ ಬಂದರು. ಹಿಂದೆಂದೂ ಬಂದವರಲ್ಲ. ಕೂರಲು ಹೇಳಿದರೂ ಕೂರದೆ, ಟೋಪಿ ಸರಿಮಾಡಿಕೊಂಡು, ದನಿ ಏರಿಸದೆ ಹೇಳಿದರು:

“ಮಾಸ್ತರ್ರ, ನಿಮ್ಮ ಮಣ್ಣು ನಮ್ಮ ಹೊಲದಾಗ ಬಂದು ಕುಂತೈತಿ. ಒಯ್ಯಾಕ ಯಾವಾಗ ಬರ್ತೀರಿ?”

ನಾನು ಅದನ್ನು ಹಾಸ್ಯವೆಂದು ತಿಳಿದು ನಕ್ಕೆ. ಅವರು ನಗಲಿಲ್ಲ. ಅವರನ್ನು ಸ್ಕೂಟರ್ ಹತ್ತಿಸಿಕೊಂಡು ಹೋಗಿ ನೋಡಿದರೆ, ನೆಟ್ಟಗಿದ್ದ ನನ್ನ ಸಾಲುಗಳೆಲ್ಲ ಕಾಲುವೆಗಳಾಗಿದ್ದವು, ಪೈರು ಬಹುಪಾಲು ಕೊಚ್ಚಿಹೋಗಿತ್ತು. ಅವರ ಕಪ್ಪು ಹೊಲದ ಮೇಲೆ ನನ್ನ ಕೆಂಪು ಮಣ್ಣು ದೊಡ್ಡ ನಾಲಗೆಯಂತೆ ಚಾಚಿಕೊಂಡಿತ್ತು. ಅದು ಯಾರ ಮಣ್ಣೆಂದು ವಾದ ಮಾಡುವ ಅವಕಾಶವನ್ನೂ ಬಣ್ಣ ಉಳಿಸಿರಲಿಲ್ಲ. ನಾಲ್ಕು ದಿನದ ಹಿಂದೆ ನೆಟ್ಟಿದ್ದ ಮೆಣಸಿನ ಸಸಿಗಳು ಅದರ ಅಡಿಯಲ್ಲಿದ್ದವು. ಮುಂದೆ ಬಾವಿ. ನೀರು ಕೆಂಪಾಗಿ, ಮೇಲೆ ನೊರೆ ಕಟ್ಟಿ ನಿಂತಿತ್ತು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತೆಂದು ಖಾದರಸಾಬರು ಹೇಳಿದರು. ಅವರ ಸೊಸೆ ಫಾತಿಮಾ ಎರಡು ಕೊಡ ಹಿಡಿದು, ಹೆದ್ದಾರಿಯ ಪಕ್ಕದ ನಳದ ಕಡೆಗೆ ಹೊರಟಿದ್ದಳು. ನನ್ನನ್ನು ನೋಡಿ ಬದಿಗೆ ಸರಿದು ಮುಂದೆ ನಡೆದಳು. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಹೊಸ ಸಸಿ ತಂದುಕೊಡುವುದೇನೋ ಆಯಿತು. ಬಾವಿಯ ನೀರನ್ನು ಎಲ್ಲಿಂದ ತಂದುಕೊಡುವುದು? ಮತ್ತೆ ಮಳೆ ಬಂದರೆ ಮತ್ತೆ ಅದೇ ಕತೆ. ಆಗ ಯಾರೋ ಹೇಳಿದರು, ಬದು ಹಾಕುವುದಕ್ಕೆ, ಕೃಷಿ ಹೊಂಡ ತೋಡುವುದಕ್ಕೆ, ಬದುವಿನ ಮೇಲೆ ಹುಲ್ಲು ನೆಡುವುದಕ್ಕೆ ಸರ್ಕಾರದ ಸಹಾಯಧನವಿದೆ ಎಂದು. ವಿಚಾರಿಸಲು ಹೋದ ಕೃಷಿ ಇಲಾಖೆಯ ಕಚೇರಿಯಲ್ಲಿ ಮೇಜಿನ ಆಚೆ ಕುಳಿತಿದ್ದವಳು ಸುಧಾ. ನನ್ನ ಹಳೆಯ ವಿದ್ಯಾರ್ಥಿನಿ. ನಾನು “ಏನವಾ ಸುಧಾ” ಎಂದು ಆರಂಭಿಸಿ, ಗೋಡೆಯ ಮೇಲಿನ ಅವಳ ಹುದ್ದೆಯ ಫಲಕ ನೋಡಿ “ಮೇಡಂ” ಎಂದು ಮುಗಿಸಿದೆ. ಅವಳು ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲ ತೆಗೆದುಕೊಂಡು, ಹೊಲದ ಇಳಿಜಾರು ಯಾವ ಕಡೆಗೆ, ಮಣ್ಣಿನ ಆಳ ಎಷ್ಟು, ಮೊದಲು ಬದುಗಳಿದ್ದವೇ ಎಂದು ಕೇಳತೊಡಗಿದಳು. ಕೊನೆಯ ಪ್ರಶ್ನೆಗೆ ನಾನು ಫ್ಯಾನು ನೋಡಿದೆ. ನಮ್ಮ ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ನೋಡುವುದೂ ಅದನ್ನೇ.

ನಿಯಮಗಳನ್ನು ಅವಳು ಬಿಡಿಸಿ ಹೇಳಿದಳು. ಕೆಲಸವನ್ನು ಮೊದಲು ನಾವು ಮಾಡಿಸಬೇಕು. ಆಯಾ ಹಂತದ ಫೋಟೋ ತೆಗೆದು, ಅಳತೆ ನೋಡಿದ ಮೇಲೆ ಖರ್ಚಿನ ಒಂದು ಪಾಲು ಖಾತೆಗೆ ಬರುತ್ತದೆ. ಇನ್ನೊಂದು ಮಾತೂ ಇತ್ತು. ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನ ಹೊಲದ ಮೂಲಕವೇ ಹಳ್ಳಕ್ಕೆ ಹೋಗಬೇಕು. ಹಾಗಾಗಿ ಕೆಳಗಿನ ರೈತರ ಒಪ್ಪಿಗೆಯ ಸಹಿ ಬೇಕು. ಹೀಗೆ ನಾನು ಹಾಳು ಮಾಡಿದ ಬಾವಿಯ ಯಜಮಾನರ ಹತ್ತಿರ, ನನ್ನ ಹೊಲಕ್ಕೆ ಸರ್ಕಾರದ ನೆರವು ಕೊಡಿಸಿರೆಂದು ಕೇಳಲು ಹೋಗಬೇಕಾಯಿತು.

ಎರಡು ದಿನ ನಾನು ಬೇರೆ ಬೇರೆ ನೆಪ ಹುಡುಕಿದೆ. ಮುಂಗಡ ನಮ್ಮ ಕೈಯಿಂದ ಹೋಗುತ್ತದೆ, ಹಣ ಯಾವಾಗ ಬರುತ್ತದೋ ಏನೋ ಎಂದೂ ಅಂದು ನೋಡಿದೆ. ಶಾಂತಾ ಒಬ್ಬಳೇ ಬಸ್ಸಿನಲ್ಲಿ ಹೊಲಕ್ಕೆ ಹೋಗಿ ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

“ರೊಕ್ಕ ಬರಲಿ ಬಿಡಲಿ, ನಾ ಆ ಬಾವಿ ನೋಡಿ ಬಂದೇನಿ,” ಎಂದಳು. “ಆ ಹುಡುಗಿ ದಿನಾ ನಾಕು ಸಲ ನೀರು ಹೊರಾಕತ್ತಾಳ. ನೀವು ಇವತ್ತ ಹೋಗಿ ಬರ್ರಿ.”

ಹೋದೆ. ಖಾದರಸಾಬರು ಅರ್ಜಿಯನ್ನು ಪೂರ್ತಿ ಓದಿದರು, ಹಿಂದಿನ ಖಾಲಿ ಪುಟವನ್ನೂ ತಿರುವಿ ನೋಡಿದರು. ಒಳಗಿನಿಂದ ಅವರ ಹೆಂಡತಿ ಉರ್ದುವಿನಲ್ಲಿ ಏನೋ ಹೇಳಿದರು. ಸಾಕಷ್ಟು ಹೊತ್ತು ಹೇಳಿದರು. ನಾನು ಅರ್ಥವಾಗದೆ ಖಾದರಸಾಬರ ಮುಖ ನೋಡಿದೆ. “ಚಾ ಕುಡೀರಿ ಅಂತಾಳ,” ಎಂದರು. ಅಷ್ಟು ಉದ್ದದ ಮಾತಿನಲ್ಲಿ ಚಹಾದ ಭಾಗ ಎಷ್ಟಿತ್ತೆಂದು ನಾನು ಕೇಳಲು ಹೋಗಲಿಲ್ಲ. ಚಹಾ ಬಂತು, ಕುಡಿದೆ. ಬದು ಕೀಳಿಸಿದ್ದು ನನ್ನ ತಪ್ಪೆಂದು ಹೇಳಿದೆ. ಇಪ್ಪತ್ತಾರು ವರ್ಷದಲ್ಲಿ ಹೆಂಡತಿಯನ್ನು ಬಿಟ್ಟು ಬೇರೆಯವರ ಮುಂದೆ ತಪ್ಪಾಯಿತೆಂದದ್ದು ಅದೇ ಮೊದಲು. ಹೇಳಿದ ಮೇಲೆ ಅಷ್ಟೇನೂ ಕಷ್ಟದ ವಾಕ್ಯವಲ್ಲವೆನಿಸಿತು. ಅವರು ಪೆನ್ನು ಕೇಳಿ ಸಹಿ ಹಾಕಿದರು. “ಬದು ಎಲ್ಲಿ ಬರಬೇಕು ಅನ್ನೂದು ನಾ ತೋರಸ್ತೇನಿ,” ಎಂದು ಮಾತ್ರ ಹೇಳಿದರು. ನನ್ನ ಅಪ್ಪ ಬದು ಹಾಕಿಸಿದಾಗ ಮಣ್ಣಿನ ಬುಟ್ಟಿ ಹೊತ್ತವರಲ್ಲಿ ತಾವೂ ಒಬ್ಬರೆಂದು ಆಗ ತಿಳಿಸಿದರು.

ಮಟ್ಟ ನೋಡಲು ಅವರು ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ತಂದರು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡೂ ಕಡೆ ನೀರಿನ ಮಟ್ಟ ಒಂದೇ ಇರುವ ಜಾಗಗಳಲ್ಲಿ ಗೂಟ ನೆಟ್ಟು ಗುರುತು ಮಾಡುತ್ತ ಹೋದರೆ ಬದುವಿನ ಗೆರೆ ಸಿಗುತ್ತದೆ. ಇದರ ತತ್ತ್ವವನ್ನು ನಾನು ಖುಷಿಯಿಂದ ಹತ್ತು ನಿಮಿಷ ವಿವರಿಸಿದೆ. ಅರ್ಧ ಬೆಳಿಗ್ಗೆ ಕಳೆದ ಮೇಲೆ ನೋಡಿದರೆ, ಗೆರೆ ಬದುವಿನ ಬದಲು ಗುಡ್ಡ ಹತ್ತುವ ದಾರಿಯಂತೆ ಮೇಲೇರಿತ್ತು. ಖಾದರಸಾಬರು ಹೊಲವನ್ನು ನೋಡಿದರು, ಪೈಪನ್ನು ನೋಡಿದರು, ಕೊನೆಗೆ ನನ್ನ ಕೈ ನೋಡಿದರು. ನೀರು ಚೆಲ್ಲಬಾರದೆಂದು ನಾನು ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಭದ್ರವಾಗಿ ಮುಚ್ಚಿಕೊಂಡಿದ್ದೆ.

“ಹೆಬ್ಬೆಟ್ಟು ತೆಗೀರಿ, ಮಾಸ್ತರ್ರ,” ಎಂದರು. “ಗಾಳಿ ಆಡದಿದ್ರ ನೀರು ಖರೇ ಹೇಳೂದಿಲ್ಲ.”

ಗಾಳಿಯ ಒತ್ತಡ ಎಂಟನೆಯ ತರಗತಿಯ ಪಾಠ. ಗೂಟಗಳನ್ನೆಲ್ಲ ಕಿತ್ತು ಮೊದಲಿನಿಂದ ಶುರು ಮಾಡಿದೆವು. ಜೆಸಿಬಿ ಬಂದು ಮೂಲೆಯಲ್ಲಿ ಹೊಂಡ ತೋಡಿತು, ಬದುಗಳು ಎದ್ದವು. ಬದುವಿನ ಮೇಲೆ ಶಾಂತಾ ಮತ್ತು ಫಾತಿಮಾ ಸೇರಿ ಹುಲ್ಲಿನ ಬೇರು ನೆಟ್ಟರು. ಫೋಟೋ ತೆಗೆಯಲು ಸುಧಾ ಬಂದಾಗ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಸಲಿಕೆ ಹಿಡಿದು ಎದೆಯುಬ್ಬಿಸಿ ನಿಂತೆ. ಅವಳು ಮೊಬೈಲನ್ನು ಅತ್ತಿತ್ತ ಸರಿಸಿ, ಬಹಳ ಸಂಕೋಚದಿಂದ, “ಸರ್, ನೀವು ಸ್ವಲ್ಪ ಬಾಜೂಕ ಸರೀರಿ, ಬದು ಕಾಣವಲ್ದು,” ಎಂದಳು.

ಬದುಗಳಿಗೆ ಪರೀಕ್ಷೆ ಬಂದದ್ದು ಸೆಪ್ಟೆಂಬರಿನ ಒಂದು ಭಾನುವಾರ. ಬ್ಯಾಡಗಿಯಲ್ಲಿ ಮೋಡ ಕವಿದದ್ದು ಕಂಡು ನಾನೂ ಶಾಂತಾಳೂ ಸ್ಕೂಟರ್ ಹತ್ತಿದೆವು. ಮೋಟೆಬೆನ್ನೂರು ಮುಟ್ಟುವಷ್ಟರಲ್ಲಿ ಪೂರ್ತಿ ತೊಯ್ದಿದ್ದೆವು. ಖಾದರಸಾಬರು ತಲೆಗೆ ಗೊಬ್ಬರದ ಚೀಲ ಹೊದ್ದು ಆಗಲೇ ಬದುವಿನ ಮೇಲಿದ್ದರು. ಮೂರನೆಯ ಬದುವಿನಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಅದು ಬಾಯಿ ಬಿಟ್ಟರೆ ಕೆಳಗಿನ ಮೆಣಸಿನ ಹೊಲಕ್ಕೆ ಮತ್ತೆ ಅದೇ ಗತಿ. ಅವರ ಮಗ ಮಣ್ಣು ತುಂಬಿದ ಚೀಲ ಕೊಟ್ಟ, ನಾನು ಇಟ್ಟೆ, ಖಾದರಸಾಬರು ತುಳಿದರು. ಒಂದು ಚೀಲದ ಜೊತೆ ನಾನೂ ಕೆಳಗುರುಳಿದೆ. ಯಾರಿಗೂ ನಗಲು ಪುರುಸೊತ್ತಿರಲಿಲ್ಲ. ಮಳೆ ನಿಂತಾಗ ಬದು ನಿಂತಿತ್ತು. ಪ್ರತಿ ಬದುವಿನ ಹಿಂದೆಯೂ ನೀರು ನಿಧಾನವಾಗಿ ಇಂಗುತ್ತಿತ್ತು. ಹೊಂಡ ತುಂಬಿ ಹೊರಬಿದ್ದ ನೀರು ಹುಲ್ಲಿನ ನಡುವೆ ಸೋಸಿಕೊಂಡು, ಬಾವಿಯನ್ನು ಬಿಟ್ಟು ಹಳ್ಳದ ಕಡೆಗೆ ಹರಿಯಿತು. ಖಾದರಸಾಬರು ಅದನ್ನು ಬೊಗಸೆಯಲ್ಲಿ ಎತ್ತಿ ನನಗೆ ತೋರಿಸಿದರು. ಅವರ ಅಂಗೈಯ ಗೆರೆಗಳು ಕಾಣುತ್ತಿದ್ದವು.

ಬಾವಿಯನ್ನು ಎರಡು ಸಲ ಬರಿದು ಮಾಡಿಸಿದೆವು. ತಿಂಗಳ ಮೇಲೆ ನೀರಿನ ಮಾದರಿಯನ್ನು ನಾನೇ ಹಾವೇರಿಗೆ ಒಯ್ದು ಪರೀಕ್ಷೆಗೆ ಕೊಟ್ಟೆ. ಕುಡಿಯಲು ಅಡ್ಡಿಯಿಲ್ಲವೆಂಬ ವರದಿ ಬಂದ ದಿನ ಫಾತಿಮಾ ಮೊದಲ ಲೋಟ ನನಗೇ ಕೊಟ್ಟಳು. ಗೌರವಕ್ಕೋ, ಪ್ರಯೋಗಕ್ಕೋ ತಿಳಿಯಲಿಲ್ಲ. ಪೂರ್ತಿ ಕುಡಿದೆ. ಸಹಾಯಧನವೂ ಬಂತು, ತರಗತಿಯಲ್ಲಿದ್ದಾಗ ಮೊಬೈಲ್ ಸದ್ದು ಮಾಡಿತು. ಮುಂದಿನ ಮುಂಗಾರಿಗೆ ಹಸಿರೆಲೆ ಗೊಬ್ಬರಕ್ಕಾಗಿ ಸೆಣಬಿನ ಬೀಜವನ್ನು ರಿಯಾಯಿತಿಯಲ್ಲಿ ಕೊಡುತ್ತಾರಂತೆ. ಈ ಸಲ ಅರ್ಜಿಯನ್ನು ನಾನೂ ಖಾದರಸಾಬರೂ ಒಟ್ಟಿಗೇ ಕೊಟ್ಟಿದ್ದೇವೆ.

ಹೋದ ವಾರ ರಾಣೆಬೆನ್ನೂರು ಕಡೆಯ ಇಪ್ಪತ್ತು ರೈತರನ್ನು ಸುಧಾ ನಮ್ಮ ಬದು ತೋರಿಸಲು ಕರೆತಂದಳು. ನಾನು ಹಿಂದಿನ ಸಂಜೆಯೇ ಭಾಷಣ ಬರೆದುಕೊಂಡಿದ್ದೆ. ಪೀಠಿಕೆಯೇ ಎರಡು ಪುಟವಿತ್ತು. ಬಂದವರೆಲ್ಲ ನೇರವಾಗಿ ಖಾದರಸಾಬರನ್ನು ಸುತ್ತುವರಿದರು. ಅವರು ಮಾತಾಡುತ್ತಿದ್ದಷ್ಟು ಹೊತ್ತು ನಾನು ಹೊಂಡದ ಬಾಯಿಗೆ ಸಿಕ್ಕಿಕೊಂಡಿದ್ದ ಕಸ ತೆಗೆದೆ, ಆಮೇಲೆ ಎಲ್ಲರಿಗೂ ಚಹಾ ಹಂಚಿದೆ. ಲೋಟ ತೆಗೆದುಕೊಂಡ ಹಿರಿಯ ರೈತರೊಬ್ಬರು ಕೆಸರು ಮೆತ್ತಿದ ನನ್ನ ಪ್ಯಾಂಟು ನೋಡಿ, ಸಾಬರ ಹತ್ತಿರ ಎಷ್ಟು ವರ್ಷದಿಂದ ದುಡಿಯುತ್ತಿದ್ದೀರೆಂದು ಕೇಳಿದರು. ಸುಧಾ ಗಾಬರಿಯಿಂದ ನನ್ನ ಪರಿಚಯ ಹೇಳಲು ಮುಂದೆ ಬಂದಳು. ನಾನು ಕೈ ಸನ್ನೆ ಮಾಡಿ ತಡೆದೆ.

“ಹೊಸಬ ಅದೀನ್ರಿ,” ಎಂದೆ. “ಈ ವರ್ಷ ಸೇರೇನಿ.”

“ಕೆಲಸ ಛಲೋ ಕಲೀರಿ,” ಎಂದು ಅವರು ಬೆನ್ನು ತಟ್ಟಿ, ಇನ್ನೊಂದು ಲೋಟ ಚಹಾ ಕೇಳಿದರು.