ನೋಡತಕ್ಕದ್ದು, ತಿನ್ನತಕ್ಕದ್ದು

ದೀಪಾಲಿ ಮೊದಲು ಉಸ್ಮಾನನ ಚಹಾ ಗಾಡಿಗೆ ಹೋದದ್ದೇ ರಾವಸಾಹೇಬನ ಮೈಗೆ ಉರಿ ಹಚ್ಚಿತು.

ಊರೂರು ಸುತ್ತಿ ಮೊಬೈಲಿನಲ್ಲಿ ಬರೆಯುವ ಹುಡುಗಿ ಈ ದೀಪಾಲಿ. ಹೋದಲ್ಲೆಲ್ಲ ಎರಡು ಪಟ್ಟಿ ಮಾಡುತ್ತಾಳೆ: ಒಂದು ‘ನೋಡತಕ್ಕದ್ದು’, ಇನ್ನೊಂದು ‘ತಿನ್ನತಕ್ಕದ್ದು’. ಹೋದ ತಿಂಗಳು ಅಥಣಿಯ ಒಂದು ಮೂಲೆ ಹೋಟೆಲಿನ ಬಗ್ಗೆ ಬರೆದಳು. ಈಗ ಅಲ್ಲಿ ನಿಲ್ಲಲೂ ಜಾಗವಿಲ್ಲ. ಇವತ್ತು ನಿಪ್ಪಾಣಿಯ ತಂಬಾಕು ಗೋದಾಮಿನ ಗಲ್ಲಿಯ ಪಾಳಿ.

ಆ ಗಲ್ಲಿಯಲ್ಲಿ ರಾವಸಾಹೇಬ ಹನ್ನೊಂದು ವರ್ಷದಿಂದ ಪಾವ್ ಜೊತೆ ತಿನ್ನುವ ಖಾರದ ಕಾಳಿನ ಮಿಸಳ ಮಾಡುತ್ತಿದ್ದ. ರುಚಿಯಲ್ಲಿ ಕೊಂಕು ತೆಗೆಯುವ ಹಾಗಿರಲಿಲ್ಲ. ಆದರೆ ಇನ್ನೊಂದು ಚೂರು ಉಳ್ಳಾಗಡ್ಡಿ ಕೇಳಿದವನಿಗೆ ಉಳ್ಳಾಗಡ್ಡಿಗಿಂತ ಮೊದಲು ಬೈಗುಳ ಬರುತ್ತಿತ್ತು. ಹೀಗಾಗಿ ಗಿರಾಕಿ ಕರಗಿ ಕರಗಿ, ಹೋಟೆಲು ಇನ್ನೇನು ದೀಪಾವಳಿಗೆ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ಆ ಪಟ್ಟಿಯಲ್ಲಿ ಹೆಸರು ಬಂದರೆ ಮಾತ್ರ ಉಳಿವು.

ಅದಕ್ಕೇ ಬೆಳಗಿನ ಐದಕ್ಕೆ ಎದ್ದು ಮಸಾಲೆ ರುಬ್ಬಿದ್ದ. ಹೆಂಡತಿ ಮನೀಷಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, “ಏನ್ರೀ, ಒಂಚೂರ ಸಾಬೂದಾಣಿ ನೆನಿ ಇಡಲೇನ? ಇವತ್ತ…” ಎಂದಳು.

“ಮಿಸಳ ಹೋಟೆಲಿನ್ಯಾಗ ಸಾಬೂದಾಣಿ? ತಲಿ ಕೆಟ್ಟೈತೇನ ನಿನಗ? ಬಾಯಿ ಮುಚ್ಚಿ ಉಳ್ಳಾಗಡ್ಡಿ ಹೆಚ್ಚ ಹೋಗ!”

ಎಂಟಕ್ಕೆ ಎದುರಿನ ಉಸ್ಮಾನ ಬಂದು ಕುರ್ಚಿ ಎಳೆದುಕೊಂಡ. “ರಾವಸಾಹೇಬಣ್ಣಾ, ಹಸಿವ್ಯಾಗೇತಿ. ಒಂದ್ ಪ್ಲೇಟ್ ಕೊಡ್ರಿ.”

“ಏಳ ಮೊದಲ! ಪಾತೇಲಿಗೆ ಇನ್ನಾ ಸೌಟ ಮುಟ್ಟಸಿಲ್ಲ. ಮೊದಲನೇ ಪ್ಲೇಟ್ ಆಕೀದು.”

“ಆಕಿ ಬರೂತನಾ ನಾ ಉಪಾಸ ಕೂಡ್ಲೇನ್ರಿ?”

“ಕೂಡ! ಸಾಯೂದಿಲ್ಲ!”

ಈಗ ನೋಡಿದರೆ ಆ ಹುಡುಗಿ ಅದೇ ಉಸ್ಮಾನನ ಚಹಾದ ಗ್ಲಾಸಿನ ಫೋಟೋ ನಾಲ್ಕು ದಿಕ್ಕಿನಿಂದ ಹೊಡೆಯುತ್ತಿದ್ದಾಳೆ. ಬಳಿಕ ಗೋದಾಮಿನ ಸಾಗುವಾನಿ ಬಾಗಿಲು ನೋಡಿದಳು. ಹಾಲೇಶ ಚಪ್ಪಲಿ ಹೊಲಿಯುವುದನ್ನು ಅರ್ಧ ತಾಸು ಕೂತು ನೋಡಿದಳು. ರಾವಸಾಹೇಬ ಮೆಟ್ಟಿಲ ಮೇಲೆ ಹಲ್ಲು ಕಡಿಯುತ್ತ ನಿಂತಿದ್ದ. ಕಡೆಗೂ ಈ ಕಡೆ ಬಂದಳು. ಬಂದವಳು ಮಿಸಳದ ವಾಸನೆಗೆ ಮೂಗಿಗೆ ಸೆರಗು ಹಿಡಿದು, ದಾಟಿ, ಪಕ್ಕದ ಗೌರಾಬಾಯಿಯ ಖಾನಾವಳಿಗೆ ಹೊಕ್ಕಳು!

ಮೂಗು ಮುಚ್ಚಿಕೊಂಡಳು! ಹನ್ನೊಂದು ವರ್ಷದ ಮಸಾಲೆಗೆ! ರಾವಸಾಹೇಬ ಸೌಟು ಹಿಡಿದೇ ಖಾನಾವಳಿಗೆ ನುಗ್ಗಿದ.

“ಏನವಾ, ನನ್ನ ಮಿಸಳೇನ ಹಳಸೇತೇನ? ಮೂಗ ಯಾಕ ಮುಚ್ಚಿದಿ?”

ದೀಪಾಲಿ ಬಾಯಲ್ಲಿದ್ದ ಸಾಬೂದಾಣಿ ಖಿಚಡಿ ನುಂಗಿ ಹೇಳಿದಳು: “ಸಿಟ್ಟ ಆಗಬ್ಯಾಡ್ರಿ ಕಾಕಾ. ಇವತ್ತ ಸಂಕಷ್ಟಿ ಐತಿ, ಚಂದ್ರ ಕಾಣೂತನಾ ನನಗ ಉಪಾಸ, ತಿನ್ನೂದಂದ್ರ ಸಾಬೂದಾಣಿ ಅಷ್ಟ. ಆ ವಾಸನಿಗೆ ಬಾಯಾಗ ನೀರ ಬಂತ್ರಿ, ಅದಕ್ಕ ಓಡಿ ಬಂದೆ.”

“ಇಡೀ ಗಲ್ಲಿಗೆ ಗೊತ್ತೈತಿ, ನಿನಗೊಬ್ಬಗ ಗೊತ್ತಿಲ್ಲಲೋ,” ಎಂದಳು ಗೌರಾಬಾಯಿ. “ಮನೀಷಾ ಹೇಳಲಿಲ್ಲೇನ?”

“ಮುಂಜಾನಿಂದ ಹೇಳಾಕತ್ತೀನಿ ಗೌರಕ್ಕಾ,” ಮನೀಷಾ ಬಾಗಿಲಿನಿಂದ ಅಂದಳು. “ಇವರು ಬಾಯಿ ತಗಿಯಾಕ ಎಲ್ಲಿ ಬಿಡತಾರ?”

ಆಗ ಶುರುವಾಯಿತು. ರಾವಸಾಹೇಬ ನಡುಬೀದಿಗೆ ಇಳಿದು ಕ್ಯಾಲೆಂಡರ್ ಅಚ್ಚು ಹಾಕಿದವನಿಗೆ ಬೈದ, ಸಾಬೂದಾಣಿ ಕಂಡುಹಿಡಿದವನಿಗೆ ಬೈದ. “ತಿಂಗಳದಾಗ ಮೂವತ್ತ ದಿನಾ ಬಿದ್ದಾವು, ಆ ಚಂದ್ರಗ ಇವತ್ತೇ ಬೇಕಾಗಿತ್ತೇನ?” ಎಂದು ಮುಗಿಲಿಗೆ ಸೌಟು ತೋರಿಸಿದ. ಕನ್ನಡದ ಬೈಗುಳ ತೀರಿದ ಮೇಲೆ ಮರಾಠಿಗೆ ಹೊರಳಿದ. ಗಲ್ಲಿಗೆ ಗಲ್ಲಿಯೇ ಹೊರಗೆ ಬಂದು ನಿಂತಿತು. ದೀಪಾಲಿ ಹೊಟ್ಟೆ ಹಿಡಿದು ನಗುತ್ತ ಮೊಬೈಲ್ ಎತ್ತಿದಳು.

“ದಿನಾ ಹಿಂಗೇನ್ರಿ ಇವರು?”

“ದಿನಾ ರೀ,” ಎಂದ ಉಸ್ಮಾನ. “ಹನ್ನೊಂದಕ್ಕೊಮ್ಮೆ, ಐದಕ್ಕೊಮ್ಮೆ. ಗಡಿಯಾರ ಬೇಕಾಗೂದಿಲ್ಲ.”

ಹೊರಡುವಾಗ ದೀಪಾಲಿ ಕೈ ಮುಗಿದಳು. “ಕಾಕಾ, ನಿಮ್ಮ ಹೆಸರ ಪಟ್ಟಿಯಾಗ ಖರೇನ ಹಾಕ್ತೀನಿ. ಚಿಂತಿ ಬ್ಯಾಡ್ರಿ.”

ರಾವಸಾಹೇಬ ಉಕ್ಕುವ ಹಾಲಿಗೆ ನೀರು ಬಿದ್ದ ಹಾಗೆ ತಣ್ಣಗಾದ. ಮಿಸಳ ಮತ್ತೆ ಬಿಸಿ ಮಾಡಿದ, ಇನ್ನೊಂದು ಚೀಲ ಪಾವ್ ತರಿಸಿದ, ಅಂಗಿ ಬದಲಿಸಿದ. ಇನ್ನು ಮೇಲೆ ಗಿರಾಕಿಗೆ ಬೈಯುವುದಿಲ್ಲ ಎಂದು ಮನೀಷಾಳ ತಲೆ ಮುಟ್ಟಿ ಆಣೆಯನ್ನೂ ಮಾಡಿದ.

ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಗಲ್ಲಿ ತುಂಬಿತು. ಚಿಕ್ಕೋಡಿಯವರು, ರಾಯಬಾಗದವರು, ಬೈಕಿನ ಮೇಲೆ ಕಾಗವಾಡದಿಂದ ಬಂದವರು. ರಾವಸಾಹೇಬನ ಕಣ್ಣಲ್ಲಿ ನೀರೇ ಬಂತು. “ಬರ್ರಿ ಬರ್ರಿ, ಒಳಗ ಬರ್ರಿ!”

ಯಾರೂ ಒಳಗೆ ಬರಲಿಲ್ಲ. ಎಲ್ಲರೂ ಎದುರಿಗೆ, ಉಸ್ಮಾನನ ಚಹಾ ಹಿಡಿದು ನಿಂತಿದ್ದರು.

“ಐದ ಆತಲ್ರಿ, ಇನ್ನಾ ಚಾಲೂ ಆಗಿಲ್ಲೇನ?” ಎಂದು ಒಬ್ಬ ಕೇಳಿದ.

“ಆಗೇತ್ರಿ! ಬಿಸಿ ಮಿಸಳ ಐತಿ!”

“ಮಿಸಳ ಅಲ್ರೀ,” ಎಂದು ಅವನು ಮೊಬೈಲ್ ಮುಂದೆ ಹಿಡಿದ.

ತಿನ್ನತಕ್ಕದ್ದು: ಗೌರಾಬಾಯಿಯವರ ಖಿಚಡಿ, ಉಸ್ಮಾನರ ಚಹಾ. ನೋಡತಕ್ಕದ್ದು: ಗೋದಾಮಿನ ಬಾಗಿಲು, ಹಾಲೇಶರ ಚಪ್ಪಲಿ ಹೊಲಿಗೆ, ರಾವಸಾಹೇಬರ ಸಿಟ್ಟು. ಸಮಯ ಹನ್ನೊಂದು ಮತ್ತು ಐದು. ಉಸ್ಮಾನರ ಗಾಡಿಯ ಹತ್ತಿರ ನಿಂತರೆ ಚೆನ್ನಾಗಿ ಕಾಣುತ್ತದೆ.

ರಾವಸಾಹೇಬ ತುಟಿ ಕಚ್ಚಿದ. ಆಣೆ ನೆನಪಾಯಿತು. ಕೈ ಕಟ್ಟಿ ನಿಂತ. ಜನ ನಿರಾಸೆಯಿಂದ ಗಡಿಯಾರ ನೋಡತೊಡಗಿದರು.

ಅಷ್ಟರಲ್ಲಿ ಉಸ್ಮಾನ ರಸ್ತೆ ದಾಟಿ ಬಂದ. “ಅಣ್ಣಾ, ಈಗರೆ ಒಂದ್ ಪ್ಲೇಟ್ ಕೊಡ್ರಿ. ನಿಮ್ಮ ದಯಾದಿಂದ ಮುಂಜಾನಿಂದ ಉಣ್ಣಾಕೂ ಪುರಸತ್ತಿಲ್ಲ. ಉಳ್ಳಾಗಡ್ಡಿ ಒಂಚೂರ ಜಾಸ್ತಿ ಹಾಕ್ರಿ.”

“ಲೇ ಉಸ್ಮಾನಾ!” ರಾವಸಾಹೇಬನ ಸೌಟು ಮೇಲೆದ್ದಿತು.

ಗಲ್ಲಿಯಲ್ಲಿ ಚಪ್ಪಾಳೆ ಬಿತ್ತು. ಉಸ್ಮಾನ ಓಡಿ ಹೋಗಿ ಎರಡನೇ ಪಾತೇಲಿ ಹಾಲು ಒಲೆಗೆ ಇಟ್ಟ.