ಸಾವಿರ ಎಪಿಸೋಡಿನ ಯಜಮಾನ

“ಇವತ್ತಾದ್ರೂ ಸಾಯದೆ ಮನೆಗೆ ಬರ್ತೀನಾ?”

ಗಡ್ಡ ಕೆರೆಯುತ್ತ ಮುನಿಕೃಷ್ಣ ಹೀಗೆ ಕೇಳಿದಾಗ ಟಿ. ದಾಸರಹಳ್ಳಿಯ ಆ ಒಂಟಿ ಕೋಣೆಯಲ್ಲಿ ಕನ್ನಡಿ ಬಿಟ್ಟರೆ ಯಾರೂ ಇರಲಿಲ್ಲ. ಹದಿನಾಲ್ಕು ಧಾರಾವಾಹಿಗಳಲ್ಲಿ ನಟಿಸಿ, ಹದಿನಾಲ್ಕರಲ್ಲೂ ಮೊದಲ ವಾರವೇ ಸತ್ತ ಮನುಷ್ಯ. ಲಾರಿಗೆ ಸಿಕ್ಕಿ, ವಿಷ ಕುಡಿದು, ಒಮ್ಮೆ ಮಗಳ ಧಾರೆಯ ಹೊತ್ತಿಗೇ ಎದೆ ಹಿಡಿದುಕೊಂಡು. ನಡುವೆ ಸಂಭಾಷಣೆ ಬರೆಯಲು ಹೋದ. ತನ್ನದೇ ಹೆಣದ ಮುಂದೆ ಉಳಿದವರು ಅಳುತ್ತ ಆಡುವ ಮಾತುಗಳನ್ನು ಅವನಿಂದಲೇ ಬರೆಸಿದರು. ಆರು ವರ್ಷ ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಸಿಕೊಟ್ಟ, ಬೇರೆಯವರು ಬೇಯಿಸಿದ್ದಕ್ಕೆ “ಆಹಾ!” ಅನ್ನುವುದಷ್ಟೇ ಕೆಲಸ.

ಇವತ್ತು ಪೀಣ್ಯದ ಹಳೇ ಶೆಡ್ಡಿನಲ್ಲಿ ಹೊಸ ಧಾರಾವಾಹಿ. ಮ್ಯಾನೇಜರ್ ಸಿದ್ದಾರ್ಥ್ ಫೋನಿನಲ್ಲಿ ಹೇಳಿದ್ದ: “ಮನೆ ಯಜಮಾನ್ರೇ ನೀವು ಸಾರ್. ಸಾವಿರ ಎಪಿಸೋಡಲ್ಲೂ ಇರ್ತೀರ. ಹನ್ನೊಂದಕ್ಕೆ ಬನ್ನಿ.” ಅಮ್ಮ ಮುಂಜಾನೆ ಹೇಳುತ್ತಿದ್ದ ಪದ್ಯಗಳನ್ನೆಲ್ಲ ಹಾಡಿಕೊಂಡು ಅವನು ವಾರವಿಡೀ ಕಂಠ ಪಳಗಿಸಿದ್ದ. ದೇವರಲ್ಲಿ ಕೇಳಿದ್ದೂ ಅಷ್ಟೇ, ನಡುವೆ ಸಾಯಿಸದೆ ಒಂದು ಮಾತನ್ನಾದರೂ ಪೂರ್ತಿ ಆಡಿಸಪ್ಪ ಎಂದು.

ಮೆಟ್ಟಿಲಿಳಿದರೆ ಮನೆ ಓನರ್ ಸೊಣ್ಣಮ್ಮ, ಕೈಯಲ್ಲಿ ಸೌಟು.

“ಸ್ವಾಮಿ, ಈ ಸಾರು ಒಸಿ ನೋಡಿ. ಏನೋ ಕಮ್ಮಿ ಆಗೈತೆ.”

“ಅಮ್ಮಾ, ನನಗೆ ಅಡುಗೆ ಬರಲ್ಲ.”

“ಅಯ್, ಆರು ವರ್ಸ ಊರೋರ ಅಡುಗೆಗೆಲ್ಲ ಆಹಾ ಅಂದ್ರಿ. ನನ್ ಸಾರಿಗೆ ಅನ್ನಕ್ಕಿಲ್ವಾ?”

ಕುದಿಯುವ ಸಾರು ನಾಲಿಗೆಗೆ ಬಿತ್ತು. “ಆಹಾ!” ಅಂದ. ಈ ಸಲ ಅದರಲ್ಲಿ ನಟನೆಯಿರಲಿಲ್ಲ.

ಗೇಟಿನಲ್ಲಿ ಬೈಕು ಹಿಡಿದು ಪಕ್ಕದ ಕೋಣೆಯ ಹನುಮೇಶ ಕಾದಿದ್ದ. ಪೀಣ್ಯದಲ್ಲಿ ಲೇತ್ ನಡೆಸುವವನು.

“ಸರ, ಇವತ್ತ ನಮ್ ಫ್ಯಾಕ್ಟರ್ಯಾಗ ರಾಜ್ಯೋತ್ಸವ ಐತ್ರಿ. ನಿಮ್ ಶೆಡ್ಡಿನ ಬಾಜೂಕನ. ನಾನ ಬಿಡ್ತೀನಿ, ಎರಡ ನಿಮಿಷ ಮೈಕ್ ಹಿಡೀರಿ.”

ಒಲ್ಲೆ ಅನ್ನುವುದು ಮುನಿಕೃಷ್ಣನಿಗೆ ಯಾವ ಪಾತ್ರದಲ್ಲೂ ಸಿಗದಿದ್ದ ಸಂಭಾಷಣೆ. ಬೈಕು ಹತ್ತಿದ.

ಫ್ಯಾಕ್ಟರಿ ತಲುಪಿದರೆ, ಮುಖ್ಯ ಅತಿಥಿ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು.

“ಅವ್ರು ಬರೋತನ ಬಾವುಟ ಏರ್ಸೋ ಹಂಗಿಲ್ರಿ ಸರ,” ಹನುಮೇಶ ಪಿಸುಗುಟ್ಟಿದ. “ಮೈಕ್ ಸುಮ್ನಾತಂದ್ರ ಮಂದಿ ಎದ್ದ ಹೊಕ್ಕಾರ. ಬಿಡಬ್ಯಾಡ್ರಿ!”

ಮುನಿಕೃಷ್ಣ ಬಿಡಲಿಲ್ಲ. ಅಮ್ಮನ ಪದ್ಯಗಳು ಮುಗಿದವು. ಲೇತ್ ಮಿಷನ್ನುಗಳನ್ನು ಒಂದೊಂದಾಗಿ ಹೊಗಳಿದ. ಕೊನೆಗೆ ಸೊಣ್ಣಮ್ಮನ ಸಾರು ಮಾಡುವ ವಿಧಾನವನ್ನೂ ಹೇಳಿದ. ಒಂದೂವರೆ ಗಂಟೆಯ ಮೇಲೆ ಅತಿಥಿ ಬಂದಾಗ ಅವನ ದನಿ ತುಕ್ಕು ಹಿಡಿದ ಶಟರ್ ಎಳೆದ ಹಾಗಿತ್ತು.

ಶೆಡ್ಡಿಗೆ ಓಡಿಬಂದು, “ಕ್ಷಮಿಸಿ... ಗಂಟಲು...” ಎಂದು ಕರಕರ ಅಂದ.

“ಪರವಾಗಿಲ್ಲ ಸಾರ್, ನಿಮಗೆ ಮಾತೇ ಇಲ್ಲ,” ಅಂದ ಸಿದ್ದಾರ್ಥ್, ಗೋಡೆಯ ಕಡೆ ಕೈ ತೋರಿಸಿದ. ಅಲ್ಲೊಂದು ದೊಡ್ಡ ಖಾಲಿ ಫ್ರೇಮು, ಅದಕ್ಕೆ ಗಂಧದ ಹಾರ, ಮೇಲೊಂದು ಪುಟ್ಟ ಕೆಂಪು ಬಲ್ಬು. “ಕತೆ ಶುರುವಾಗೋಕೆ ಮುಂಚೇನೇ ಯಜಮಾನ್ರು ಹೋಗ್ಬಿಟ್ಟಿರ್ತಾರೆ. ಒಂದು ಫೋಟೋ ತೆಗೆದ್ರೆ ನಿಮ್ಮ ಕೆಲಸ ಮುಗೀತು.”

“ಸಾವಿರ ಎಪಿಸೋಡು ಅಂದ್ರಲ್ಲ?”

“ಅಲ್ಲೇ ಇರ್ತೀರಲ್ಲ ಸಾರ್!”

ಮುನಿಕೃಷ್ಣನನ್ನು ಸ್ಟೂಲಿನ ಮೇಲೆ ಕೂರಿಸಿದರು. ಸಿದ್ದಾರ್ಥ್ ಕ್ಯಾಮೆರಾ ಹಿಂದಿನಿಂದ ಬಾಗಿದ.

“ಸ್ವಲ್ಪ ನಗಿ ಸಾರ್. ಇಡೀ ಮನೆಗೆ ಆಶೀರ್ವಾದ ಮಾಡೋ ಹಾಗೆ.”

ಮುನಿಕೃಷ್ಣ ಹಾರವನ್ನೊಮ್ಮೆ ನೋಡಿದ. ಗಂಟಲಲ್ಲಿ ಉಳಿದಿದ್ದ ಅಷ್ಟೂ ದನಿಯನ್ನು ಕೂಡಿಸಿಕೊಂಡು, ಆ ದಿನದ ತನ್ನ ಒಂದೇ ಸಂಭಾಷಣೆಯನ್ನು ಪೂರ್ತಿ ಆಡಿದ:

“ನಗಲ್ಲ.”