ಕೆಂಪು ಕಾರು, ಬಿಳಿ ಕಾರು

ನಮ್ಮ ಕಡಿ ಕಾರು ತಗೊಳ್ಳೋದಂದ್ರ ಒಬ್ಬರ ಕೆಲಸ ಅಲ್ರಿ. ರೊಕ್ಕ ಒಬ್ಬರದಿರ್ತದ, ಸಲಹಾ ಇಡೀ ಊರಿಂದಿರ್ತದ. ಹಿಂಗಾಗಿ ಕಾರು ನೋಡಾಕ ಹೊಂಟವರಿಗಿ ಒಂದಿಲ್ಲೊಂದು ಫಜೀತಿ ಆಗೇ ಆಗ್ತದ. ನನಗ ಬರೀ ಎರಡು ಕಾರು ಹೋಲ್ಸಿ ನೋಡೋದ್ರಾಗ ಇಷ್ಟು ಆದವು.

ನಾ ದನದ ಡಾಕ್ಟರ್. ಮನಿ ನಾರಾಯಣಖೇಡ್‌ನ್ಯಾಗ, ಡ್ಯೂಟಿ ನ್ಯಾಲ್ಕಲ್ ಕಡಿ ಹಳ್ಳಿಗೋಳಾಗ. ಇಷ್ಟು ವರ್ಷ ಸ್ಕೂಟಿ ಮ್ಯಾಲ ತಿರುಗೀನಿ. ಸ್ಕೂಟಿ ಕೆಟ್ಟ ದಿನ ಜೀಪಿನ್ಯಾಗ ಆಡಿನ ಮರಿ ತೊಡಿ ಮ್ಯಾಲ ಕೂಡಿಸ್ಕೊಂಡೂ ಹೋಗೀನಿ. ಈಗ ನನ್ನ ಸ್ವಂತ ದುಡಿಮ್ಯಾಗ ಕಾರು ತಗೊಳ್ಳೋ ಹೊತ್ತು ಬಂದಿತ್ತು. ಅದೂ ಎಂಥಾದು, ಸ್ಪೋರ್ಟ್ ಕಾರು. ಎರಡು ನೋಡಿಟ್ಟಿದ್ದೆವು. ಕೆಂಪು ಕಾರು ಜಹೀರಾಬಾದಿನ ಶೋರೂಮಿಂದು, ಗೇರ್ ಕೈಲೆ ಹಾಕೋದು, ನೆಲಕ್ಕ ಹತ್ತಿದಂಗ ತೆಳಗ, ಜೋರು ಆವಾಜು. ಬಿಳಿದು ತಾಂಡೂರಿನ ಶೋರೂಮಿಂದು, ಗೇರ್ ತಾನೇ ಬೀಳ್ತದ, ಸ್ವಲ್ಪ ಎತ್ತರ, ಮೆತ್ತಗ ಓಡ್ತದ.

ನನಗ ಕೆಂಪೇ ಬೇಕಿತ್ತು. ನನ್ನ ಮನಿಯವರಿಗಿ ಬಿಳಿದೇ ಆಗಬೇಕು. ಅವರದು ಬ್ಯಾಳಿ ವ್ಯಾಪಾರ, ಸ್ಟೇರಿಂಗ್ ಒಂದು ದಿನಾನೂ ಹಿಡದವರಲ್ಲ, ಆದ್ರ ಅಭಿಪ್ರಾಯಕ್ಕೇನೂ ಲೈಸೆನ್ಸ್ ಕೇಳಂಗಿಲ್ಲಲ್ರಿ. ಕಡಿಗಿ ಅತ್ತಿ ಯಾವುದಕ್ಕ ಹೂಂ ಅಂತಾರೋ ಅದು ಅಂತ ಆತು. ಅತ್ತಿ ಹೂಂ ಅನ್ನದ ನಮ್ಮ ಮನಿಗಿ ಒಂದು ಸ್ಟೂಲೂ ಬಂದಿಲ್ಲ.

ಕೀಲಿ ಯಾರ ಕೈಯಾಗ

ಮೊದಲು ಜಹೀರಾಬಾದಿಗಿ ಹೋದ್ವಿ. ಅಲ್ಲಿಯ ಸೇಲ್ಸ್‌ಮನ್ ತೆಲುಗಿನ್ಯಾಗ ಸುರು ಮಾಡಿ, ಉರ್ದುಕ್ಕ ಬಂದು, ನಮ್ಮ ಮಾತು ಕೇಳಿ ಕನ್ನಡಕ್ಕ ಇಳದ. ಮೂರೂ ಭಾಷಾದಾಗ ಅವ ಮಾತಾಡಿದ್ದು ಮಾತ್ರ ನನ್ನ ಮನಿಯವರ ಜೋಡಿ. ಪಿಕಪ್ಪು, ಟರ್ಬೋ, ಸ್ಪೋರ್ಟ್ ಮೋಡು ಅಂತ ಒಂದೇ ಸಮನ ಹೇಳಿದ. ಇವರು ತೊಗರಿ ರೇಟು ಕೇಳಿದಂಗ ಗೋಣು ಹಾಕ್ಕೋತ ನಿಂತಿದ್ರು. ನಾ ಬಾಜೂಕ ನಿಂತು ಟಾಯರ್ ನೋಡಾಕ ಹತ್ತಿದ್ದೆ.

"ಸರ್, ಒಂದು ರೌಂಡ್ ಹೊಡ್ಕೊಂಡು ಬರ್ರಿ," ಅಂತ ಕೀಲಿ ಅವರ ಕೈಯಾಗಿಟ್ಟ.

ಅವರು ಆ ಕೀಲಿ ನನ್ನ ಕೈಯಾಗಿಟ್ಟು, ಹಿಂದಿನ ಬಾಗಲಾ ತೆಗದು ಕುಂತು ಬಿಟ್ರು.

ಸೇಲ್ಸ್‌ಮನ್ ಮಾರಿ ಸಣ್ಣದಾತು. "ಮೇಡಂ ನಡಸ್ತಾರೇನ್ರಿ? ಇದು ಸ್ಪೋರ್ಟ್ ಗಾಡಿ ಸರ್. ಒಮ್ಮೆಲೆ ಎಗರ್ತದ, ತಡಿಯಾಕ ಆಗ್ತದೋ ಇಲ್ಲೋ."

"ಒದಿಯೋ ಎಮ್ಮಿ ಹಿಂದ ನಿಂತು ಕೈ ಹಾಕಿ ಕರು ತೆಗೀತಾಳಪ್ಪ ಅಕಿ," ಅಂದ್ರು ಇವರು. "ನಿನ್ನ ಗಾಡಿ ಅದಕ್ಕಿಂತಾ ಜೋರು ಒದೀತದೇನು?"

ಖರೆ ಹೇಳ್ತೀನಿ, ಆ ಮಾತು ಕೇಳಿ ನನಗ ಭಾಳ ಹೆಮ್ಮಿ ಆತು. ಸೇಲ್ಸ್‌ಮನ್ ಸುಮ್ಮನ ಬಾಜೂಕ ಕುಂತು ಬೆಲ್ಟ್ ಹಾಕ್ಕೊಂಡ. ಹೈವೇಕ್ಕ ಬಂದು ಸ್ಪೋರ್ಟ್ ಬಟನ್ ಒತ್ತಿದೆ. ಗಾಡಿ ಗುರ್ರಂತು. ನಾ ನಕ್ಕೋತ ಹೋದೆ, ನಕ್ಕೋತ ಬಂದೆ. ಹೊಳ್ಳಿ ಬಂದ ಮ್ಯಾಲ ಅವ ಮತ್ತ ರೂಢಿ ಪ್ರಕಾರ ಹಿಂದಕ್ಕ ತಿರುಗಿ, "ಹ್ಯಾಂಗನಿಸ್ತು ಸರ್ ಗಾಡಿ?" ಅಂತ ಕೇಳಿದ.

"ಅಕಿಗೇ ಕೇಳು," ಅಂದ್ರು ಇವರು. "ನಾ ಕಣ್ಣು ಮುಚ್ಚಿದಾಂವ ಈಗ ತೆಗದೀನಿ."

ಬೆಲ್ಟ್ ಹಾಕ್ಕೊಂಡ ಚೀಲ

ಆಮ್ಯಾಲ ತಾಂಡೂರಿಗಿ ಹೋಗಿ ಬಿಳಿದು ನೋಡಿದ್ವಿ. ಟೆಸ್ಟ್ ಡ್ರೈವಿಗಿ ಕರಣಕೋಟದ ದಾರಿ ಹಿಡದ್ವಿ. ಅರ್ಧ ದಾರ್ಯಾಗ ಇವರು ಒಂದು ಬ್ಯಾಳಿ ಮಿಲ್ಲಿನ ಮುಂದ ಗಾಡಿ ನಿಲ್ಲಸಂದ್ರು.

"ಯಾಕ್ರಿ?" ಅಂದೆ.

"ಹೆಂಗೂ ಬಂದೀವಿ, ಒಂದು ಚೀಲ ತೊಗರಿ ಬ್ಯಾಳಿ ಹಾಕ್ಕೊಂಡು ಬಿಡಾಮು. ಗಾಡಿ ಭಾರ ತಡೀತದೋ ಇಲ್ಲೋ ನೋಡಿದಂಗೂ ಆತು."

ಡಿಕ್ಕಿ ಸಣ್ಣದು, ಅದರಾಗ ಕಂಪನಿಯವರ ಸಾಮಾನು. ಅದಕ್ಕ ಚೀಲ ಮುಂದಿನ ಸೀಟಿನ್ಯಾಗ ಕುಂತಿತು, ಅಲ್ಲಿ ಕುಂತಿದ್ದ ಬಿಳಿ ಕಾರಿನ ಸೇಲ್ಸ್‌ಮನ್ ಹಿಂದ ನನ್ನ ಮನಿಯವರ ಬಾಜೂಕ ಹೋದ. ಗಾಡಿ ಹೊಂಟದ್ದೇ ತಡ, ಟಿಂಗ್ ಟಿಂಗ್ ಟಿಂಗ್ ಅಂತ ಒದರಾಕ ಸುರು ಮಾಡ್ತು. ಸೀಟಿನ್ಯಾಗ ಯಾರೋ ಬೆಲ್ಟ್ ಇಲ್ಲದ ಕುಂತಾರಂತ ಗಾಡಿಗಿ ಅನಿಸ್ಯದ. ತಲಿ ಚಿಟ್ಟು ಹಿಡದು, ನಾ ಗಾಡಿ ನಿಲ್ಲಿಸಿ ಚೀಲಕ್ಕೇ ಬೆಲ್ಟ್ ಹಾಕಿದೆ. ಗಾಡಿ ಸುಮ್ಮನಾತು.

ಮುಂದ ಪೊಲೀಸರು ಕೈ ಮಾಡಿ ಗಾಡಿ ನಿಲ್ಲಿಸಿದ್ರು. ಜಮಾದಾರರು ಬಗ್ಗಿ ಒಳಗ ನೋಡಿದ್ರು. ನನ್ನ ಬೆಲ್ಟ್ ನೋಡಿದ್ರು, ಚೀಲದ ಬೆಲ್ಟ್ ನೋಡಿದ್ರು, ಆಮ್ಯಾಲ ಹಿಂದ ಬೆಲ್ಟ್ ಇಲ್ಲದ ಆರಾಮ ಕುಂತ ನನ್ನ ಮನಿಯವರ ಮಾರಿ ನೋಡಿದ್ರು.

"ಏನ್ ಸಾವ್ಕಾರ್ರೆ," ಅಂದ್ರು. "ಬ್ಯಾಳಿಗಿರೋ ಬುದ್ಧಿ ನಿಮಗ ಇಲ್ಲಲ್ರಿ."

ಟುವಾಲಿನ ಕೆಳಗ

ದನದ ಸಂತ್ಯಾಗ ಎತ್ತಿನ ಬೆಲಿ ಬಾಯಿಲೆ ಹೇಳಂಗಿಲ್ಲ. ಮಾರವರು, ಕೊಳ್ಳವರು ಕೈಗೆ ಕೈ ಕೊಟ್ಟು, ಮ್ಯಾಲ ಟುವಾಲು ಮುಚ್ಚಿ, ಒಳಗ ಬೆರಳು ಹಿಡದು ಬೆಲಿ ಕೂಡಿಸ್ತಾರ. ಒಂದು ಬೆರಳು ಜಗ್ಗಿಕೊಂಡ್ರ ಅಷ್ಟು ಬೆಲಿ ಇಳಿಸಿದಂಗ. ಸುತ್ತ ನಿಂತವರಿಗಿ ಏನೂ ತಿಳಿಯಂಗಿಲ್ಲ. ನ್ಯಾಲ್ಕಲ್ ಕಡಿಯ ಒಬ್ಬ ಮುತ್ಯಾ ಇದ್ರಾಗ ಭಾರಿ ಹೆಸರುವಾಸಿ. ಅವನ ಎತ್ತಿಗಿ ನಾನೇ ಔಷಧ ಕೊಡೋದು. ಕೆಂಪು ಕಾರಿನ ಕಡೀ ಬೆಲಿ ಕೇಳಾಕ ಹೊಂಟೀನಂತ ತಿಳದು, "ಡಾಕ್ಟರಮ್ಮ, ನೀ ಒಬ್ಬಾಕಿ ಹೋಗಬ್ಯಾಡ, ಮೋಸ ಮಾಡ್ತಾರ," ಅಂತ ತಾನೇ ಬಂದು ಸ್ಕೂಟಿ ಹಿಂದ ಕುಂತ.

ಶೋರೂಮಿನ್ಯಾಗ ಮುತ್ಯಾ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಹಿಂದ ಹೋಗಿ ಡುಬ್ಬದ ಮ್ಯಾಲ ಎರಡು ಸಲ ತಟ್ಟಿದ. "ಬಾಯಿ ತೆಗಸು," ಅಂದ. ಬಾನೆಟ್ ತೆಗದು ತೋರ್ಸಿದ್ರು. "ನಡಸು," ಅಂದ. ಮುಂದಕ್ಕ ಹಿಂದಕ್ಕ ಮಾಡಿ ತೋರ್ಸಿದ್ರು. ಕುಂಟ್ತದೇನಂತ ಬಗ್ಗಿ ನೋಡಿ, "ಐಬಿಲ್ಲ. ಇದರ ಜೋಡಿ ಎಲ್ಲಿ?" ಅಂತ ಕೇಳಿದ.

ಕಾರು ಒಂದೇ ಇರ್ತದ ಮುತ್ಯಾ, ಅಂತ ನಾ ತಿಳಿಸಿ ಹೇಳೋದ್ರಾಗ ಮ್ಯಾನೇಜರ್ ಸಾಹೇಬರು ಟೈ ಸರಿ ಮಾಡ್ಕೋತ ಬಂದು ಕೈ ಕುಲುಕಾಕ ಕೈ ಚಾಚಿದ್ರು. ಮುತ್ಯಾ ಆ ಕೈ ಗಟ್ಟಿ ಹಿಡದು ಹೆಗಲ ಮ್ಯಾಲಿನ ಟುವಾಲು ಮುಚ್ಚೇ ಬಿಟ್ಟ.

ಮ್ಯಾನೇಜರ್ ಅವರಿಗಿ ಕಚಗುಳಿ ಭಾಳಂತ ಕಾಣ್ತದ. ನಗಾಕೂ ಆಗ್ವಲ್ದು, ಕೈ ಬಿಡಿಸ್ಕೊಳ್ಳಾಕೂ ಆಗ್ವಲ್ದು, ಟುವಾಲಿನ ಒಳಗ ಒದ್ದಾಡಿದ್ರು. ಒಂದು ಬೆರಳು ಜಗ್ಗಿಕೊಂಡ್ರು. "ಹೂಂ, ಇನ್ನಾ ಸ್ವಲ್ಪ," ಅಂದ ಮುತ್ಯಾ. ಇನ್ನೊಂದು ಜಗ್ಗಿಕೊಂಡ್ರು. ಮುತ್ಯಾ ಟುವಾಲು ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡ.

"ಮುಗೀತು ಡಾಕ್ಟರಮ್ಮ. ಭಾಳ ಇಳಿಸ್ಯಾರ. ಒಳ್ಳೆ ಮನಷ್ಯಾ."

"ನಾ ಏನೂ ಹೇಳೇ ಇಲ್ಲಲ್ರಿ," ಅಂದ್ರು ಮ್ಯಾನೇಜರ್.

"ನಾಕು ಮಂದಿ ಎದುರಿಗಿ ಬೆರಳು ಕೊಟ್ಟು ಈಗ ಇಲ್ಲಂತೀರೇನ್ರಿ?" ಅಂತ ಮುತ್ಯಾ ಖರೇನೇ ಬ್ಯಾಸರ ಮಾಡ್ಕೊಂಡ. ಬೆಲಿಯೇನೂ ಇಳೀಲಿಲ್ಲ, ಆದ್ರ ಅವನ ಮಾರಿ ನೋಡಲಾರದ ಮ್ಯಾನೇಜರ್ ಸೀಟ್ ಕವರ್ ಪುಕ್ಕಟ ಕೊಡ್ತೀನಂತ ಒಪ್ಪಿಕೊಂಡ್ರು. ನಾವು ಎದ್ದು ಹೊಂಡೋ ಹೊತ್ತಿಗಿ ಬಾಜೂ ಟೇಬಲ್ಲಿನ ಗಿರಾಕಿ ಮುತ್ಯಾನ ಅಂಗಿ ಹಿಡದು ಜಗ್ಗಿದ.

"ಅಜ್ಜಾ, ಈ ಕಡಿನೂ ಸ್ವಲ್ಪ ಟುವಾಲು ಹಾಕಿ ಹೋಗ್ರಿ."

ಅತ್ತಿ ಇಳೀಲಿಲ್ಲ

ಕಡಿಗಿ ತೀರ್ಪಿನ ದಿನ ಬಂತು. ಎರಡೂ ಶೋರೂಮಿನವರು ಒಂದೇ ಮುಂಜಾನೆ ನಾರಾಯಣಖೇಡ್‌ನ್ಯಾಗ ನಮ್ಮ ಮನಿ ಮುಂದ ಕಾರು ತಂದು ನಿಲ್ಲಿಸಿದ್ರು. ಓಣಿ ಮಂದಿ ಎಲ್ಲಾ ಕೂಡಿತು. ನನ್ನ ಮನಿಯವರು ಒಂದೇ ಮಾತು ಹಿಡದಿದ್ರು: "ಅವ್ವಗ ಮೊಣಕಾಲು ನೋವು. ಕೆಂಪು ಕಾರು ತೆಳಗ ಅದ. ಅಕಿಗಿ ಏರಾಕ ಇಳ್ಯಾಕ ಆಗಲ್ಲ."

ಮಾತು ಖರೇನೇ ಇತ್ತು. ಆ ಕೆಂಪು ಕಾರು ನನ್ನ ಕೈ ಬಿಟ್ಟು ಹೋಗ್ತದಂದ್ರ ಅಳು ಬರೋದೊಂದು ಬಾಕಿ.

ಮೊದಲು ಬಿಳಿದು. ಅತ್ತಿ ಆರಾಮ ಏರಿದ್ರು, ಒಂದು ಸುತ್ತು ಹೋಗಿ ಬಂದು ಆರಾಮ ಇಳದ್ರು. "ಛಲೋ ಅದ," ಅಂದ್ರು. "ನಿದ್ದಿ ಬಂತು." ಮನಿಯವರು ನನ್ನ ಕಡಿ ನೋಡಿ ಮೀಸಿ ತಿರುವಿದ್ರು.

ಆಮ್ಯಾಲ ಕೆಂಪು. ಅತ್ತಿ ನನ್ನ ಹೆಗಲು ಹಿಡದು, ಬಗ್ಗಿ, ಧೊಪ್ಪಂತ ಕುಂತ್ರು. "ಯವ್ವಾ, ನೆಲದ ಮ್ಯಾಲೇ ಕುಂತಂಗ ಆತಲ್ಲ," ಅಂದ್ರು. ಮುಗೀತು ಕಥಿ ಅನ್ಕೊಂಡೆ. ಸೇಲ್ಸ್‌ಮನ್ ಹಿಂದ ಕುಂತ, ನಾ ಗೇರ್ ಹಾಕಿದೆ. ಬಸ್ ಸ್ಟ್ಯಾಂಡು ದಾಟಿದ್ವಿ. ಅತ್ತಿ, ತಮ್ಮ ತಂಗಿ ಮನಿ ಬಂದ ಕೂಡ್ಲೆ, "ಇಲ್ಲಿ ನಿಲ್ಲಿಸಿ ಹಾರ್ನ್ ಹೊಡಿ," ಅಂದ್ರು. ಹೊಡದೆ. "ಇನ್ನೊಮ್ಮಿ ಹೊಡಿ, ಅಕಿಗಿ ಕಿವಿ ಮಂದ."

ತಂಗಿ ಹೊರಗ ಬಂದು, "ಡ್ರೈವರ್ ಎಲ್ಲಿ ಅದಾನ ಅಕ್ಕಾ?" ಅಂತ ಕೇಳಿದ್ರು.

"ಡ್ರೈವರ್ ಯಾಕ ಬೇಕು," ಅಂದ್ರು ಅತ್ತಿ. "ನನ್ನ ಸೊಸಿ ಅದಾಳ. ಗೇರ್ ಕೈಲೆ ಹಾಕ್ತಾಳ ನೋಡು."

ಆ ದನಿ ಕೇಳಿ ನನಗ ಮೈಯೆಲ್ಲಾ ಝುಂ ಅಂತು. ನೋಡನೋಡ್ತಿದ್ದಂಗ ಆ ತಂಗಿ, ಅವರ ಸೊಸೇರಿಬ್ಬರು ಹಿಂದಿನ ಸೀಟಿನ್ಯಾಗ ಏರಿದ್ರು. ಸೇಲ್ಸ್‌ಮನ್ ಇಳದು ನಮ್ಮ ಮನಿ ಕಡಿ ನಡಕೋತ ಹೊಂಟ.

ಮನಿ ಮುಂದ ನಿಲ್ಲಿಸಿದೆ. ಇವರು ಓಡಿ ಬಂದು ಬಾಗಲಾ ತೆಗದು, "ಇಳಿಯವ್ವ," ಅಂದ್ರು. ಅತ್ತಿ ಅಲುಗಾಡಲಿಲ್ಲ.

"ನಾ ಹೇಳಿದ್ದಿಲ್ಲೇನು? ಇಳ್ಯಾಕ ಆಗ್ವಲ್ದು ನೋಡು," ಅಂತ ಇವರು ಓಣಿಗೆಲ್ಲಾ ಕೇಳಂಗ ಅಂದ್ರು.

ಅತ್ತಿ ಸಂಚ್ಯಾಗಿಂದ ವಿಭೂತಿ ತೆಗದು, ಮುಂದಿನ ಡ್ಯಾಶ್‌ಬೋರ್ಡಿಗಿ ಮೂರು ಬೆರಳಲೆ ಸಾಲಾಗಿ ಹಚ್ಚಿದ್ರು. "ಇಳ್ಯಾಕ ಬರ್ತದ. ಮನಸಿಲ್ಲ," ಅಂದ್ರು. "ಇಬತ್ತಿ ಹಚ್ಚಿದ ಗಾಡಿ ಹೊಳ್ಳಿ ಕಳಸಬಾರ್ದು."

ಅಷ್ಟೊತ್ತಿಗಿ ನಡಕೋತ ಬಂದು ಮುಟ್ಟಿದ ಕೆಂಪು ಕಾರಿನ ಸೇಲ್ಸ್‌ಮನ್ ಕೈ ಮುಗದ. "ಅಮ್ಮಾರೆ, ಇದು ಬರೀ ತೋರ್ಸೋ ಗಾಡಿ. ನಿಮ್ಮ ಹೊಸಾದು ಜಹೀರಾಬಾದಿನ್ಯಾಗ ಅದ."

"ಹೌದೇನು? ಹಂಗಾದ್ರ ಅಲ್ಲಿಗೇ ನಡೀರಿ. ಹೊಸಾದು ಬಾಜೂಕ ತಂದು ನಿಲ್ಲಸು, ಇದರಾಗಿಂದ ಇಳದು ಅದರಾಗ ಏರ್ತೀನಿ." ಹಿಂದಿನ ಮೂವರೂ ಹೌದೌದು ಅಂದ್ರು, ಒಬ್ಬರೂ ಜಾಗಾ ಬಿಡಲಿಲ್ಲ.

ನನಗಂತೂ ಖುಷಿಗಿ ನೆಲ ಕಾಣಲಿಲ್ಲ. ಗಾಡಿ ಚಾಲೂ ಮಾಡಿದೆ. ನನ್ನ ಮನಿಯವರು ಒಂದು ಗಳಿಗಿ ನಮ್ಮನ್ನ ನೋಡಿದ್ರು, ಒಂದು ಗಳಿಗಿ ಜಾಗಾ ಇಲ್ಲದ ನಿಂತ ಕೆಂಪು ಕಾರಿನ ಸೇಲ್ಸ್‌ಮನ್‌ನ ನೋಡಿದ್ರು. ಆಮ್ಯಾಲ ಮೆಲ್ಲಕ ಬಿಳಿ ಕಾರಿನವನ ಹತ್ರ ಹೋದ್ರು.

"ತಮ್ಮಾ, ನೀ ತಾಂಡೂರಿಗಿ ಜಹೀರಾಬಾದ್ ಮ್ಯಾಲೇ ಹೋಗ್ತಿ ಅಲ್ಲಾ? ನಮ್ಮಿಬ್ಬರನ್ನೂ ಅಲ್ಲಿ ತನಕ ಬಿಡಪ್ಪ. ಕೆಂಪು ಕಾರು ತಗೋಬೇಕಾಗ್ಯದ."